ಕೆಂಪು ನೆಲ, ನಾಲ್ಕು ಕುರ್ಚಿ

ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾವು ನಾಲ್ಕೂ ಜನ ಹಜಾರದಲ್ಲಿ ಚೌಕಾಬಾರ ಆಡಿದೆವು. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅದಕ್ಕಾಗಿ ಸೀಮೆಸುಣ್ಣ ಹುಡುಕಬೇಕಾಗಿರಲಿಲ್ಲ. ಆಟದ ಮನೆಗಳು ನೆಲದಲ್ಲೇ ಇದ್ದವು. ಕೆಂಪು ಗಾರೆಯ ನೆಲದ ನಟ್ಟನಡುವೆ, ಎರಡು ಮರದ ಕಂಬಗಳ ಮಧ್ಯೆ, ಕಪ್ಪು ಗೆರೆಗಳಲ್ಲಿ ಐದಕ್ಕೆ ಐದು, ಇಪ್ಪತ್ತೈದು ಮನೆ. ಅಮ್ಮನ ಅಪ್ಪ ಗಾರೆ ಮೇಸ್ತ್ರಿ. ಮಗಳನ್ನು ಈ ಮನೆಗೆ ಕೊಟ್ಟ ವರ್ಷ ತಾತ ತಾನೇ ಬಂದು, ಮೊಣಕಾಲೂರಿ ಕೂತು, ಕರಣೆಯಿಂದ ಉಜ್ಜಿ ಉಜ್ಜಿ ಆ ನೆಲ ಹಾಕಿದ್ದರಂತೆ. ವಾರಗಟ್ಟಲೆ ನೀರು ನಿಲ್ಲಿಸಿ, ಯಾರಿಗೂ ಕಾಲಿಡಲು ಬಿಡದೆ, ಕೊನೆಗೆ ಕೊಬ್ಬರಿ ಎಣ್ಣೆ ಸವರಿ ಹೊಳಪು ಕೊಟ್ಟಿದ್ದರಂತೆ. ಹೋಗುವ ದಿನ, ನನ್ನ ಮಗಳು ಈ ಆಟದಲ್ಲಿ ಯಾರಿಗೂ ಸೋಲೋಳಲ್ಲ, ಹುಷಾರು ಎಂದು ಅಳಿಯನಿಗೆ ಹೇಳಿದ್ದರಂತೆ. ನಾನು ಹುಟ್ಟುವ ಹೊತ್ತಿಗೆ ತಾತ ಇರಲಿಲ್ಲ. ಪ್ರತಿ ಶುಕ್ರವಾರ ಅಮ್ಮ ಎಣ್ಣೆ ಸೋಕಿಸಿದ ಬಟ್ಟೆಯಿಂದ ಆ ನೆಲವನ್ನು ಒರೆಸುತ್ತಿದ್ದಳು. ಒರೆಸಿದ ಮೇಲೆ ಬಾಗಿಲ ಬೆಳಕು ಅದರ ಮೇಲೆ ಉದ್ದಕ್ಕೆ ಬಿದ್ದಿರುತ್ತಿತ್ತು.

ಆವತ್ತು ಅಮ್ಮನ ಕಾಯಿಗಳು ಹಸಿರು ಬಳೆ ಚೂರು, ನನ್ನವು ಹುಣಸೆ ಬೀಜ. ಆಟದಲ್ಲಿ ನನ್ನ ಜಾಗ ಯಾವಾಗಲೂ ಅಮ್ಮನ ಎದುರಿನದು. ಅಪ್ಪನ ಎದುರು ಅಜ್ಜಿ, ಅಂದರೆ ಅಪ್ಪನ ಅಮ್ಮ. ಅಜ್ಜಿ ಕವಡೆ ಹಾಕುವಾಗ ಮೋಸ ಮಾಡುತ್ತಿದ್ದರು. ಬಿದ್ದ ಕವಡೆಯನ್ನು ಕಿರುಬೆರಳಿನಿಂದ ಮಗುಚಿ ಹಾಕಿ, ಎಂಟು ಬಿತ್ತು ಎನ್ನುತ್ತಿದ್ದರು.

"ಅತ್ತೆ, ಅದು ಒಂದು."

"ಎಂಟು ಕಣೇ. ನಿಂಗೆ ಕಣ್ಣು ಕಾಣ್ಸಲ್ವಾ?"

"ನಂಗೆ ಕಾಣ್ಸುತ್ತೆ. ನಿಮ್ಮ ಬೆರಳೂ ಕಾಣ್ಸುತ್ತೆ."

ಅಪ್ಪ ನಕ್ಕುಬಿಟ್ಟರು. ಅಮ್ಮ ಅಪ್ಪನ ಎರಡು ಕಾಯಿ ಹೊಡೆದಳು, ನನ್ನದೊಂದನ್ನು ಹೊಡೆಯಬಹುದಾಗಿದ್ದರೂ ಹೊಡೆಯದೆ ಬೇರೆ ಕಾಯಿ ನಡೆಸಿದಳು. ನಾನು ಅದನ್ನು ನೋಡಿದೆ. ಅವಳೂ ನಾನು ನೋಡಿದ್ದನ್ನು ನೋಡಿದಳು. ಆಗ ನನಗೆ ಒಂಬತ್ತು ವರ್ಷ. ನಮ್ಮ ಮನೆಯ ಸಾಧಾರಣ ದಿನಗಳಲ್ಲಿ ಅದು ಕೊನೆಯದು ಎಂದು ನಾನು ಎಣಿಸುವುದು, ಮರುದಿನ ಬೆಳಿಗ್ಗೆ ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಲಾರಿ ಬಂದು ನಿಂತದ್ದರಿಂದ.

ಪಕ್ಕದ ಹಳೆಯ ಮನೆಯನ್ನು ಕೆಡವಿ ಫ್ಲಾಟು ಕಟ್ಟುತ್ತಿದ್ದರು. ಎರಡು ದಿನ ಇಡೀ ಬೀದಿ ನಡುಗಿತು. ಅಡುಗೆಮನೆಯ ತಟ್ಟೆಗಳು ತಾವಾಗಿ ಸದ್ದು ಮಾಡುತ್ತಿದ್ದವು. ಮೂರನೆಯ ದಿನ ನಾನು ಶಾಲೆಯಿಂದ ಬಂದಾಗ ಅಮ್ಮ ಹಜಾರದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ಹೊಸ್ತಿಲಿನಿಂದ ಹೊರಟ ಒಂದು ಬಿರುಕು ಅಡ್ಡಡ್ಡ ಬಂದು, ಕಂಬದ ಬುಡ ದಾಟಿ, ಚೌಕಾಬಾರದ ಮನೆಗೆ ಒಂದು ಗೇಣು ದೂರದಲ್ಲಿ ನಿಂತಿತ್ತು. ಅವಳು ಅದರೊಳಗೆ ಉಗುರು ಇಟ್ಟು ನೋಡುತ್ತಿದ್ದಳು.

ನೆಲ ರಿಪೇರಿ ಆಗಲೇಬೇಕಿತ್ತು. ಹೇಗೆ ಎನ್ನುವುದೇ ಜಗಳವಾಯಿತು. ಅಪ್ಪ ವಿಮೆ ಕಂಪನಿಯಲ್ಲಿ ಗುಮಾಸ್ತರು. ಅವರ ಸಾಹೇಬರ ಮನೆ ರಿಚ್‌ಮಂಡ್ ಟೌನಿನ ಹಳೆಯ ಬಂಗಲೆ. ಫೈಲು ಕೊಡಲು ಒಂದೆರಡು ಸಲ ಅಲ್ಲಿಗೆ ಹೋಗಿ ಬಂದಾಗಿನಿಂದ ಅಪ್ಪನ ತಲೆಯಲ್ಲಿ ಆ ಮನೆ ಕೂತಿತ್ತು. ಕಪ್ಪು ಬಿಳಿ ಚೌಕದ ನೆಲ, ಕೆತ್ತನೆ ಕಾಲಿನ ದುಂಡು ಮೇಜು, ಬೆತ್ತದ ಬೆನ್ನಿನ ಕುರ್ಚಿ, ನೆರಿಗೆ ಹಿಡಿದ ಪರದೆ, ಗಾಜಿನ ಬೀರು. ಅದನ್ನು ಅವರು ಬಂಗಲೆ ಸ್ಟೈಲು ಎನ್ನುತ್ತಿದ್ದರು. ಹೇಗೂ ಒಡೆಯುವುದಿದ್ದರೆ ಪೂರ್ತಿ ಒಡೆದು, ಉಯ್ಯಾಲೆ ಮಣೆ ಇಳಿಸಿ, ಹಜಾರವನ್ನು ಹಾಗೆ ಮಾಡೋಣ ಎಂಬುದು ಅವರ ಮಾತು. ಅಮ್ಮನಿಗೆ ಹಜಾರ ಇದ್ದ ಹಾಗೇ ಇರಬೇಕು. ಕೆಂಪು ನೆಲ, ಗೋಡೆಗೆ ಒರಗಿಸಿದ ಚಾಪೆ, ಉಯ್ಯಾಲೆ, ಗೂಡಿನಲ್ಲಿ ಹಿತ್ತಾಳೆ ದೀಪ. ಬಿರುಕನ್ನು ಮಾತ್ರ ಮುಚ್ಚಬೇಕು. ಅವಳು ತಾತನ ಕೈಕೆಳಗೆ ಕೆಲಸ ಕಲಿತಿದ್ದ ಮುನಿಸಾಮಪ್ಪ ಎಂಬ ಮೇಸ್ತ್ರಿಗೆ ಹೇಳಿಕಳಿಸಿದಳು. ಅವರು ಬಂದು, ಚಪ್ಪಲಿ ಹೊರಗೆ ಬಿಟ್ಟು, ನೆಲಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡರು.

"ಮುಚ್ಬೋದಮ್ಮ. ಆದ್ರೆ ಬಣ್ಣ ಸೇರಲ್ಲ. ಮೇಸ್ತ್ರಿ ಏನ್ ಹಾಕಿದ್ರು, ಎಷ್ಟು ಹಾಕಿದ್ರು, ಅವ್ರ ಕೈಗೇ ಗೊತ್ತಿತ್ತು. ನಾನ್ ಮುಚ್ಚಿದ್ರೆ ಹೊಲಿಗೆ ಹಾಕ್ದಂಗೆ ಕಾಣ್ಸುತ್ತೆ."

"ಕಾಣ್ಲಿ. ಗಾಯ ಆದ್ಮೇಲೆ ಗುರುತು ಇರುತ್ತಪ್ಪ."

"ಕೇಳಿದ್ಯಾ?" ಅಂದರು ಅಪ್ಪ, ಬಾಗಿಲಲ್ಲಿ ನಿಂತು. "ಅವ್ರೇ ಹೇಳ್ತಿದಾರೆ ತೇಪೆ ಆಗುತ್ತೆ ಅಂತ. ಮನೆಗೆ ಬಂದೋರು ತೇಪೆ ನೋಡ್ಕೊಂಡು ಕೂತ್ಕೋಬೇಕಾ?"

"ಮನೆಗೆ ಬಂದೋರು ನಮ್ಮನ್ನ ನೋಡೋಕೆ ಬರ್ತಾರೆ."

"ನಿಮ್ಮಪ್ಪ ಹಾಕಿದ್ದು ಅಂತ ತಾನೆ ನಿನ್ನ ಹಟ? ಅದೇನು ದೇವಸ್ಥಾನ ಅಲ್ಲ, ಸಿಮೆಂಟು."

ಮುನಿಸಾಮಪ್ಪ ತಲೆ ತಗ್ಗಿಸಿ ಚಪ್ಪಲಿ ಹಾಕಿಕೊಂಡು ಹೊರಟುಹೋದರು. ಆಮೇಲೆ ಅಮ್ಮ ಹೇಳಿದ್ದು ಇಷ್ಟೇ.

"ಈ ನೆಲ ಒಡೆದ್ರೆ ನಾನು ಈ ಮನೇಲಿರಲ್ಲ. ನಮ್ಮಣ್ಣನ ಮನೆಗೆ ಹೋಗ್ತೀನಿ."

ಅವಳು ಕೂಗಿ ಹೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಮಾತಾಡುವ ದನಿಯಲ್ಲಿ ಹೇಳಿದಳು. ಅವತ್ತಿನಿಂದ ಇಬ್ಬರ ನಡುವೆ ಮಾತು ನಿಂತಿತು. ಮನೆಯ ಮಾತೆಲ್ಲ ನನ್ನ ಮೂಲಕ ಓಡಾಡತೊಡಗಿತು. ಕಾಫಿ ಆರ್ತಾ ಇದೆ ಅಂತ ನಿಮ್ಮಪ್ಪಂಗೆ ಹೇಳು. ಇಸ್ತ್ರಿ ಬಟ್ಟೆ ಎಲ್ಲಿಟ್ಟಿದಾಳೆ ಕೇಳು. ಇಬ್ಬರೂ ಎರಡು ಮಾರು ದೂರದಲ್ಲೇ ಇರುತ್ತಿದ್ದರು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುತ್ತಿತ್ತು, ಆದರೂ ನಾನು ಹೇಳಬೇಕಿತ್ತು. ಹೇಳುವಾಗ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳುವುದನ್ನು ಕಲಿತೆ. ಈಗಲೂ ಜನ ನನ್ನನ್ನು ಮೃದು ಮಾತಿನವಳು ಎನ್ನುತ್ತಾರೆ. ಅದು ಆ ವಾರಗಳಲ್ಲಿ ಬಂದದ್ದು, ಹುಟ್ಟಿನಿಂದ ಬಂದದ್ದಲ್ಲ. ಶಾಲೆಯಿಂದ ಮನೆಗೆ ಬರುವಾಗ ತಿರುವಿನಲ್ಲೇ ನಿಂತು ನೋಡುತ್ತಿದ್ದೆ. ಅಮ್ಮನ ಚಪ್ಪಲಿ ಬಾಗಿಲಲ್ಲಿ ಕಂಡರೆ ಆಮೇಲೆ ಹೆಜ್ಜೆ ಹಾಕುತ್ತಿದ್ದೆ.

ನಮ್ಮ ಮನೆಯಲ್ಲಿ ಊಟ ನಡೆಯುತ್ತಿದ್ದ ರೀತಿಯನ್ನು ಇಲ್ಲಿ ಹೇಳಬೇಕು. ಅಪ್ಪ, ಅಜ್ಜಿ, ನಾನು ಹಜಾರದಲ್ಲಿ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಮಣೆಯ ಮೇಲೆ ಕೂರುತ್ತಿದ್ದೆವು. ಅಮ್ಮ ಬಗ್ಗಿ ಬಗ್ಗಿ ಬಡಿಸುತ್ತಿದ್ದಳು. ಎಲ್ಲರದೂ ಮುಗಿದ ಮೇಲೆ ಅಡುಗೆಮನೆಯಲ್ಲಿ ಒಲೆಕಟ್ಟೆಯ ಕೆಳಗೆ, ನಮಗೆ ಬೆನ್ನು ಮಾಡಿ, ಒಬ್ಬಳೇ ಕೂತು ಉಣ್ಣುತ್ತಿದ್ದಳು. ಅವಳ ತಟ್ಟೆಯಲ್ಲಿ ಹುಳಿ ಇರುತ್ತಿತ್ತೋ ತಳದ ಮಸಾಲೆ ಮಾತ್ರ ಇರುತ್ತಿತ್ತೋ ನಾನು ನೋಡಿದವಳಲ್ಲ. ಇದು ಯಾರೂ ಮಾಡಿದ ಕಾನೂನಲ್ಲ. ಅಜ್ಜಿಯೂ ತನ್ನ ಕಾಲದಲ್ಲಿ ಹಾಗೇ ಉಂಡವರು. ಅಮ್ಮ ನಮ್ಮ ಸಮಕ್ಕೆ, ನಮ್ಮ ಎದುರಿಗೆ, ಕೈಗೆ ಕೆಲಸವಿಲ್ಲದೆ ಕೂರುತ್ತಿದ್ದದ್ದು ಚೌಕಾಬಾರದ ಮುಂದೆ ಮಾತ್ರ. ಇದು ನನಗೆ ಆಗ ಹೊಳೆದಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅಪ್ಪ ಉಯ್ಯಾಲೆ ಮಣೆಯ ಮೇಲೆ ಹಾಳೆ ಇಟ್ಟುಕೊಂಡು, ನನ್ನ ಸ್ಕೇಲು ಪೆನ್ಸಿಲು ತೆಗೆದುಕೊಂಡು ಏನೋ ಬರೆಯುತ್ತಿದ್ದರು. ನಾನು ಹತ್ತಿರ ಹೋದೆ. ಹಜಾರದ ಚಿತ್ರ. ಚೌಕ ಚೌಕದ ನೆಲ, ಕಿಟಕಿಗೆ ಪರದೆ, ನಡುವೆ ದುಂಡು ಮೇಜು. ಮೇಜಿನ ಸುತ್ತ ನಾಲ್ಕು ಕುರ್ಚಿ. ಪ್ರತಿ ಕುರ್ಚಿಯ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಹೆಸರು ಬರೆದಿದ್ದರು. ಅಮ್ಮ ಎಂದು ಒಂದು, ಅದು ಅಜ್ಜಿಯದು. ನಾನು ಎಂದು ಒಂದು, ಅದು ಅಪ್ಪನದೇ. ಪುಟ್ಟಿ ಎಂದು ಒಂದು, ಅದು ನನ್ನದು. ಪುಟ್ಟಿಯ ಎದುರು, ಶಾರದ.

ಅಪ್ಪ ಅಮ್ಮನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿರಲಿಲ್ಲ. ಏನೇ, ಬಾರೇ, ಕೇಳಿಸ್ತಾ ಎಂಬುದೇ ಅಮ್ಮನ ಹೆಸರಾಗಿತ್ತು. ಅವರ ಕೈಬರಹದಲ್ಲಿ ಶಾರದ ಎಂದು ನೋಡಿ ನನಗೆ ಯಾಕೋ ನಾಚಿಕೆಯಾಯಿತು.

"ಅಮ್ಮನೂ ಕುರ್ಚಿ ಮೇಲೆ ಕೂತ್ಕೋತಾಳಾ?"

"ಮತ್ತೆ? ಸಾಹೇಬ್ರ ಮನೇಲಿ ಎಲ್ರೂ ಒಟ್ಟಿಗೇ ಕೂತ್ಕೋತಾರೆ. ಅವ್ರು, ಅವ್ರ ಹೆಂಡ್ತಿ, ಎದುರುಬದುರು. ಪಾತ್ರೆ ಎಲ್ಲಾ ಮೇಜಿನ ಮೇಲೇ ಇರುತ್ತೆ. ಬೇಕಾದ್ದು ಅವರವ್ರೇ ಬಡಿಸ್ಕೋತಾರೆ. ಯಾರೂ ಬಗ್ಗಲ್ಲ."

"ಇದನ್ನ ಅಮ್ಮಂಗೆ ಹೇಳ್ಲಾ?"

ಅಪ್ಪ ಹಾಳೆ ಮಡಿಚಿ ಜೇಬಿಗಿಟ್ಟರು.

"ಬೇಡ. ನಾನು ಏನ್ ಹೇಳಿದ್ರೂ ಅವ್ಳಿಗೆ ನೆಲಾನೇ ಕೇಳ್ಸುತ್ತೆ."

ಐದನೆಯ ವಾರ ಅಜ್ಜಿಗೆ ಸಾಕಾಯಿತು. ಒಂದು ಸಂಜೆ ಉಯ್ಯಾಲೆಯ ಮೇಲೆ ಕೂತು, ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡರು.

"ಇಬ್ರದೂ ನೋಡಿ ನೋಡಿ ನಂಗೆ ಅನ್ನ ಗಂಟಲಲ್ಲಿ ಇಳೀತಿಲ್ಲ. ಶುಕ್ರವಾರ ದೇವ್ರ ಮುಂದೆ ಹೂ ಇಡೋಣ. ಕೆಂಪು ಬಂದ್ರೆ ಕೆಂಪು ನೆಲ. ಬಿಳಿ ಬಂದ್ರೆ ಇವ್ನ ಬಂಗಲೆ. ಮಗು ಕೈಯಲ್ಲಿ ಎತ್ಸೋದು. ಆಮೇಲೆ ಯಾರೂ ಉಸಿರೆತ್ತಂಗಿಲ್ಲ, ಯಾರೂ ಅಣ್ಣನ ಮನೆ ತಮ್ಮನ ಮನೆ ಅನ್ನಂಗಿಲ್ಲ. ಒಪ್ಪಿದೀರೋ?"

ತೀರ್ಮಾನವಾಗದ ವಿಷಯಕ್ಕೆ ನಮ್ಮ ಕಡೆ ಹೀಗೆ ಮಾಡುವುದಿತ್ತು. ಎರಡು ಬಣ್ಣದ ಹೂವನ್ನು ಎರಡು ಬಾಳೆಲೆ ತುಂಡಿನಲ್ಲಿ ಒಂದೇ ಥರ ಪೊಟ್ಟಣ ಕಟ್ಟಿ, ದೇವರ ಮುಂದೆ ಇಟ್ಟು, ಏನೂ ಅರಿಯದ ಮಗುವಿನ ಕೈಯಿಂದ ಒಂದನ್ನು ಎತ್ತಿಸುವುದು. ಯಾರದೋ ಮದುವೆ ಹೀಗೆ ನಿಶ್ಚಯವಾದದ್ದನ್ನು, ಯಾರದೋ ಆಪರೇಷನ್ ಹೀಗೆ ಮುಂದೆ ಹೋದದ್ದನ್ನು ಅಜ್ಜಿ ಹೇಳುತ್ತಿದ್ದರು. ಅಪ್ಪ ಒಪ್ಪಿದರು. ಅಮ್ಮ ನನ್ನ ಮುಖ ನೋಡಿ, ಹೂಂ ಎಂದಳು.

ಶುಕ್ರವಾರ ಬೆಳಿಗ್ಗೆ ಅಮ್ಮ ಬೇಗ ಎದ್ದು ಮಾರ್ಕೆಟ್ಟಿಗೆ ಹೋಗಿ ಹೂ ತಂದಳು. ಮಲ್ಲಿಗೆ ಒಂದು ಮೊಳ, ಕನಕಾಂಬರ ಒಂದು ಮೊಳ. ಅಜ್ಜಿ ದೇವರ ಗೂಡಿನ ಮುಂದೆ ಎರಡನ್ನೂ ಪೊಟ್ಟಣ ಕಟ್ಟಿ, ಬಾಳೆನಾರು ಸುತ್ತಿ, ನಾಲ್ಕಾರು ಸಲ ಅದಲು ಬದಲು ಮಾಡಿ, ತಟ್ಟೆಯಲ್ಲಿಟ್ಟು, ಆಮೇಲೆ ನನ್ನನ್ನು ಕರೆದರು. ತಲೆಗೆ ಸ್ನಾನ ಮಾಡಿಸಿದ್ದರು, ಕೂದಲಿನಿಂದ ಬೆನ್ನ ಮೇಲೆ ನೀರು ಇಳಿಯುತ್ತಿತ್ತು. ಅಪ್ಪ ಒಂದು ಕಂಬಕ್ಕೆ ಒರಗಿದ್ದರು, ಅಮ್ಮ ಇನ್ನೊಂದಕ್ಕೆ. ನಡುವೆ ಚೌಕಾಬಾರ.

"ಕಣ್ ಮುಚ್ಕೋ ಪುಟ್ಟಿ. ದೇವ್ರನ್ನ ನೆನೆಸ್ಕೊಂಡು ಒಂದನ್ನ ಎತ್ತು."

ಕಣ್ಣು ಮುಚ್ಚಿದೆ. ಮೂಗು ಮುಚ್ಚಿಕೋ ಎಂದು ಯಾರೂ ಹೇಳಲಿಲ್ಲ. ಬಗ್ಗಿದ ಕೂಡಲೇ ಗೊತ್ತಾಯಿತು. ಬಲಗಡೆಯ ಪೊಟ್ಟಣದಿಂದ ಬಾಳೆಲೆಯ ವಾಸನೆಯನ್ನು ದಾಟಿ ಮಲ್ಲಿಗೆ ಬರುತ್ತಿತ್ತು. ಎಡಗಡೆಯದರಲ್ಲಿ ಏನೂ ಇರಲಿಲ್ಲ. ಕನಕಾಂಬರಕ್ಕೆ ವಾಸನೆ ಇಲ್ಲ. ಕೆಂಪು ಎಡಕ್ಕೆ, ಬಿಳಿ ಬಲಕ್ಕೆ. ಏನೂ ಅರಿಯದ ಮಗು ನಾನಾಗಿರಲಿಲ್ಲ. ಅಷ್ಟು ಜನರಲ್ಲಿ ಎಲ್ಲ ತಿಳಿದು ನಿಂತವಳು ನಾನೊಬ್ಬಳೇ ಎಂದುಕೊಂಡೆ. ಎಡಕ್ಕೆ ಕೈ ಹಾಕಿದರೆ ಅಮ್ಮ ಇರುತ್ತಾಳೆ, ನೆಲ ಇರುತ್ತದೆ, ಅಮ್ಮ ಅಡುಗೆಮನೆಯಲ್ಲಿ ಬೆನ್ನು ಮಾಡಿ ಉಣ್ಣುತ್ತಾಳೆ. ಬಲಕ್ಕೆ ಹಾಕಿದರೆ ನನ್ನ ಎದುರಿನ ಕುರ್ಚಿಯಲ್ಲಿ ಶಾರದ. ಅಣ್ಣನ ಮನೆ ಅನ್ನುವ ಹಾಗಿಲ್ಲ ಎಂದು ಅಜ್ಜಿ ಮಾತು ತೆಗೆದುಕೊಂಡಿದ್ದರಲ್ಲ, ಹೋಗುವುದಿಲ್ಲ ಎಂದು ಲೆಕ್ಕ ಹಾಕಿದೆ.

ಬಲಕ್ಕೆ ಕೈ ಹಾಕಿದೆ.

ಅಜ್ಜಿ ನಾರು ಬಿಚ್ಚಿದರು. ಅಪ್ಪ ಗೆದ್ದವರ ಹಾಗೆ ಕಾಣಲಿಲ್ಲ. ಕಂಬ ಬಿಟ್ಟು ನೆಟ್ಟಗೆ ನಿಂತರು, ಅಷ್ಟೆ. ಅಮ್ಮ ಬಂದು ತಟ್ಟೆಯಿಂದ ಮಲ್ಲಿಗೆ ತೆಗೆದುಕೊಂಡಳು. ನನ್ನ ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿ, ಸಡಿಲವಾಗಿ ಜಡೆ ಹಾಕಿ, ಆ ಹೂವನ್ನು ಮುಡಿಸಿದಳು.

"ಶಾಲೆಗೆ ಹೊತ್ತಾಯ್ತು, ತಿಂಡಿ ತಿನ್ನು ಬಾ" ಅಂದಳು.

ಅಮ್ಮ ಕೇಳಿದ್ದು ಒಂದೇ. ಮಿಕ್ಕ ನೆಲವನ್ನು ಯಾರು ಬೇಕಾದರೂ ಒಡೆಯಲಿ, ಚೌಕಾಬಾರದ ತುಂಡನ್ನು ಮುನಿಸಾಮಪ್ಪ ಇಡಿಯಾಗಿ ಎತ್ತಿ ಕೊಡಲಿ, ಹಿತ್ತಲಿನಲ್ಲಿ ಹಾಕಿಕೊಳ್ಳುತ್ತೇನೆ. ಇದನ್ನೂ ನನ್ನ ಕೈಲೇ ಹೇಳಿಕಳಿಸಿದಳು. ಅಪ್ಪ ತಾವೇ ಸೈಕಲ್ಲಿನಲ್ಲಿ ಹೋಗಿ ಮುನಿಸಾಮಪ್ಪನನ್ನು ಕರೆತಂದರು. ಅವರು ಸುತ್ತಲೂ ಸಣ್ಣ ಉಳಿಯಿಂದ ಕೊರೆಯುತ್ತಾ ಇಡೀ ಬೆಳಿಗ್ಗೆ ಕೂತರು. ಉಳಿಯ ಪ್ರತಿ ಏಟಿಗೆ ಅಜ್ಜಿ ಕಣ್ಣು ಮುಚ್ಚಿ ತೆಗೆಯುತ್ತಿದ್ದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದಳು, ಹಾಲು ಉಕ್ಕಿದ ವಾಸನೆ ಬಂದರೂ ಒಳಗೆ ಹೋಗಲಿಲ್ಲ. ಕೊನೆಗೆ ಕೆಳಗೆ ಗೋಣಿಚೀಲ ತೂರಿಸಿ, ಒಂದು ಕಡೆ ಮುನಿಸಾಮಪ್ಪ, ಇನ್ನೊಂದು ಕಡೆ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಅಪ್ಪ, ಹಿಡಿದುಕೊಂಡರು.

"ನಿಧಾನ ಸ್ವಾಮಿ. ನಾನ್ ಹೇಳ್ದಾಗ ಎತ್ತಿ. ಒಂದೇ ಮಟ್ಟಕ್ಕೆ ಬರ್ಬೇಕು."

ನೆಲದಿಂದ ನಾಲ್ಕು ಬೆರಳು ಮೇಲೆ ಬಂತು. ಹಪ್ಪಳ ಮುರಿದಂಥ ಒಂದು ಸದ್ದು. ಒಂದೇ ಸಲಕ್ಕೆ ಎಷ್ಟೋ ತುಂಡಾಯಿತು. ಅಪ್ಪ ಗೋಣಿಯ ತುದಿ ಬಿಡದೆ ಹಾಗೇ ಬಗ್ಗಿ ನಿಂತಿದ್ದರು.

"ನಾನು ಸರಿಯಾಗೇ ಹಿಡ್ಕೊಂಡಿದ್ದೆ" ಅಂದರು. ಯಾರಿಗೆ ಹೇಳಿದರೋ. "ಸರಿಯಾಗೇ ಹಿಡ್ಕೊಂಡಿದ್ದೆ ಕಣೇ."

"ಹಿಡ್ಕೊಂಡಿದ್ರಿ. ನಾನು ನೋಡ್ದೆ" ಅಂದಳು ಅಮ್ಮ. ಎಷ್ಟೋ ವಾರಗಳ ಮೇಲೆ ಅವಳು ಅಪ್ಪನಿಗೆ ನೇರವಾಗಿ ಆಡಿದ ಮಾತು ಅದು. "ಬಿಡಿ, ಅದು ಏಳೋದಲ್ಲ. ಮುನಿಸಾಮಪ್ಪ, ಕೈ ತೊಳ್ಕೊಳಿ, ಕಾಫಿ ತರ್ತೀನಿ."

ಅವಳು ಅಣ್ಣನ ಮನೆಗೆ ಹೋಗಲಿಲ್ಲ. ಕಪ್ಪು ಬಿಳಿ ನೆಲ ಬಂತು. ಉಯ್ಯಾಲೆ ಅಟ್ಟಕ್ಕೆ ಹೋಯಿತು. ಒಂದು ಭಾನುವಾರ ಲಗ್ಗೇಜ್ ಆಟೋದಲ್ಲಿ ಮೇಜೂ ನಾಲ್ಕು ಕುರ್ಚಿಯೂ ಬಂದವು. ಅಪ್ಪ ಚಿತ್ರದಲ್ಲಿ ಬರೆದ ಹಾಗೇ ಕುರ್ಚಿಗಳನ್ನು ಇಟ್ಟರು. ಪಾತ್ರೆಗಳನ್ನೆಲ್ಲ ಅವರೇ ಒಳಗಿನಿಂದ ತಂದು ಮೇಜಿನ ಮೇಲೆ ಜೋಡಿಸಿದರು, ಸಾರಿನ ಪಾತ್ರೆಯ ಕೆಳಗೆ ಪೇಪರು ಮಡಿಚಿ ಇಟ್ಟರು. ಅಜ್ಜಿ ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು, ಬಿದ್ದೋಗ್ತೀನಿ ಕಣೋ ಎಂದು ನಗುತ್ತಿದ್ದರು. ನಾನು ನನ್ನ ಕುರ್ಚಿಯಲ್ಲಿ ಕೂತು ಎದುರಿನದನ್ನೇ ನೋಡುತ್ತಿದ್ದೆ.

"ಕೂತ್ಕೋ" ಅಂದರು ಅಪ್ಪ.

"ನೀವು ಮಾಡಿ."

"ಎಲ್ಲಾ ಇಲ್ಲೇ ಇದ್ಯಲ್ಲ. ಕೂತ್ಕೋಬಾರ್ದಾ?"

"ಚಪಾತಿ ಬಿಸಿ ಬಿಸಿ ಹಾಕ್ಬೇಕಲ್ಲ. ಆರಿದ್ರೆ ಅತ್ತೆ ಕೈಲಿ ಅಗಿಯೋಕಾಗಲ್ಲ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಮರುದಿನವೂ ಏನೋ ಒಂದು ಇತ್ತು, ಅದರ ಮರುದಿನವೂ. ಅಪ್ಪ ಕೆಲವು ದಿನ ಕರೆದರು. ಆಮೇಲೆ ಕರೆಯುವುದನ್ನು ಬಿಟ್ಟರು. ಅಡುಗೆಮನೆಯ ನೆಲವನ್ನು ಯಾರೂ ಮುಟ್ಟಿರಲಿಲ್ಲ, ಅದು ಕೆಂಪಾಗಿಯೇ ಉಳಿದಿತ್ತು, ಅಮ್ಮ ಅಲ್ಲೇ ಕೂತು ಉಂಡಳು. ನಾಲ್ಕನೆಯ ಕುರ್ಚಿಯ ಮೇಲೆ ಮೊದಲು ನನ್ನ ಶಾಲೆ ಚೀಲ ಇರುತ್ತಿತ್ತು, ಆಮೇಲೆ ಹಳೆಯ ಪೇಪರುಗಳು, ಆಮೇಲೆ ಒಗೆದು ಮಡಿಸದ ಬಟ್ಟೆ. ಚೌಕಾಬಾರದ ಕವಡೆ ಬಹಳ ದಿನ ಗೂಡಿನಲ್ಲಿತ್ತು. ಸೀಮೆಸುಣ್ಣದಲ್ಲಿ ಮನೆ ಬರೆಯೋಣ ಎಂದು ನಾನು ಒಂದು ಸಲ ಕೇಳಿದೆ. ಕಪ್ಪು ಬಿಳಿಯ ಮೇಲೆ ಗೆರೆ ಕಾಣಲ್ಲ ಎಂದಳು ಅಮ್ಮ. ಅದು ನಿಜವೂ ಆಗಿತ್ತು.

ಅಜ್ಜಿ ಹೋದರು. ನಾನು ಮದುವೆಯಾಗಿ ಬಸವನಗುಡಿಗೆ ಬಂದೆ. ಅಪ್ಪ ಹೋದ ಮೇಲೆ ಅವರ ಟ್ರಂಕಿನಲ್ಲಿ ವಿಮೆ ಕಾಗದಗಳ ನಡುವೆ ಆ ಹಾಳೆ ಸಿಕ್ಕಿತು. ಅದನ್ನು ಅಮ್ಮನ ಕೈಗೆ ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಶಾರದ ಎಂಬ ಅಕ್ಷರದ ಮೇಲೆ ಬೆರಳು ಆಡಿಸಿದಳು.

"ಇದನ್ನ ಅವತ್ತೇ ತೋರಿಸ್ಬಾರ್ದಾಗಿತ್ತಾ ಅವ್ರು" ಅಂದಳು.

ತೋರಿಸಬಹುದಾಗಿದ್ದವಳು ನಾನೂ ಒಬ್ಬಳು. ಅದನ್ನು ಹೇಳಲಿಲ್ಲ. ಆಮೇಲೆ ಅಮ್ಮ ನನ್ನ ಜೊತೆಗೇ ಇದ್ದಳು. ನಮ್ಮ ಫ್ಲಾಟಿನಲ್ಲೂ ಊಟದ ಮೇಜಿದೆ. ಅಲ್ಲಿ ಅವಳು ಹೂ ಕಟ್ಟಿದಳು, ಸೊಪ್ಪು ಬಿಡಿಸಿದಳು, ಪೇಪರು ಓದಿದಳು. ಊಟಕ್ಕೆ ಮಾತ್ರ ತಟ್ಟೆ ಹಿಡಿದು ಅಡುಗೆಮನೆಯ ಪುಟ್ಟ ಸ್ಟೂಲಿಗೆ ಹೋಗುತ್ತಿದ್ದಳು. ಅಭ್ಯಾಸ ಕಣೇ ಎನ್ನುತ್ತಿದ್ದಳು. ಒಂದು ದಿನ ಮಲ್ಲಿಗೆ ಕಟ್ಟುತ್ತಾ, ತಲೆ ಎತ್ತದೆ, ನಿಂಗೆ ಚಿಕ್ಕೋಳಿದ್ದಾಗಿಂದ್ಲೂ ಮೂಗು ಚುರುಕು, ಅಲ್ವಾ ಅಂದಳು. ನನ್ನ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ಹೂಂ ಅಂದೆ. ಅವಳು ದಾರಕ್ಕೆ ಗಂಟು ಹಾಕಿ, ಉಳಿದ ದಾರ ಹಲ್ಲಿನಲ್ಲಿ ಕಡಿದಳು.

ಅಮ್ಮ ಹೋಗಿ ಮೂರು ತಿಂಗಳಾಯಿತು. ಹನ್ನೊಂದನೆಯ ದಿನದ ಕಾರ್ಯಕ್ಕೆ ಬಿಳಿ ಹೂ ಬೇಕೆಂದು ಪುರೋಹಿತರು ಹೇಳಿದಾಗ, ಪಕ್ಕದ ಮನೆಯವರು ತಮ್ಮ ಕಾಂಪೌಂಡಿನ ನಂದಿಬಟ್ಟಲು ಕುಯ್ದು ತಂದುಕೊಟ್ಟರು. ಅದನ್ನು ಕೈಯಲ್ಲಿ ಹಿಡಿದಾಗ ಚಾಮರಾಜಪೇಟೆಯ ಹಿತ್ತಲು ನೆನಪಾಯಿತು. ಅಲ್ಲಿ ಬಾವಿಕಟ್ಟೆಯ ಪಕ್ಕ ನಂದಿಬಟ್ಟಲು ಇತ್ತು. ಗೋಡೆಗೆ ಕೆಂಪು ದಾಸವಾಳ ಇತ್ತು. ಅಜ್ಜಿಯ ಪೂಜೆಗೆ ವರ್ಷವಿಡೀ ಅವೇ ಹೂ, ಅಮ್ಮನೇ ದಿನಾ ಕುಯ್ದು ಕೊಡುತ್ತಿದ್ದಳು. ಎರಡಕ್ಕೂ ವಾಸನೆ ಇಲ್ಲ. ಒಂದು ಬಿಳಿ, ಒಂದು ಕೆಂಪು, ಬಾಗಿಲು ತೆಗೆದರೆ ಕೈಗೆ ಸಿಗುತ್ತಿದ್ದವು. ಅವತ್ತು ಅವನ್ನು ಬಿಟ್ಟು ಅಮ್ಮ ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆಯನ್ನೂ ಕನಕಾಂಬರವನ್ನೂ ಯಾಕೆ ತಂದಳು ಎಂದು ಇಷ್ಟು ವರ್ಷ ನಾನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ದೇವರಿಗಿಂತ ನನ್ನ ಮೇಲೆ ಅವಳಿಗೆ ನಂಬಿಕೆ ಇತ್ತೇನೋ. ಅಥವಾ ಶುಕ್ರವಾರವೆಂದು ಒಳ್ಳೆಯ ಹೂವೇ ಇರಲಿ ಎಂದುಕೊಂಡಳೇನೋ. ಚೌಕಾಬಾರದಲ್ಲಿ ನನ್ನ ಕಾಯಿ ಹೊಡೆಯದೆ ಬಿಟ್ಟವಳು ಅವಳು. ನಾನು ಅವಳದನ್ನು ಹೊಡೆದೆ, ಅವಳನ್ನು ನನ್ನ ಎದುರಿಗೆ ಕೂರಿಸಿಕೊಳ್ಳಲಿಕ್ಕೆಂದು.

ಕಾರ್ಯದ ದಿನ ಎಡೆ ಇಟ್ಟಾಗ ಅಮ್ಮನಿಗೆ ಯಾವ ಪಲ್ಯ ಇಷ್ಟ ಎಂದು ಯಾರೋ ಕೇಳಿದರು. ನನಗೆ ಗೊತ್ತಿರಲಿಲ್ಲ. ಅಮ್ಮ ನನ್ನ ಎದುರಿಗೆ ಕೂತು ಉಂಡದ್ದನ್ನು ನಾನು ಒಂದು ಸಲವೂ ನೋಡಿಲ್ಲ.